ಕಸಿಯಾದ ಮೇಲಿನ ಕಾವಲು

ಸ್ಮರಣಸಂಚಿಕೆಗೆ ಪ್ರತಿವರ್ಷವೂ ಹಳಗನ್ನಡ ಕಾವ್ಯವನ್ನೋ ವ್ಯಾಕರಣದ ಒಂದು ವಿಚಾರವನ್ನೋ ಕುರಿತು ನಾಲ್ಕು ಪುಟಗಳನ್ನು ಬರೆದುಕೊಡುವುದು ನನ್ನ ವಾಡಿಕೆ. ಈ ಸಲವೂ ಸಂಪಾದಕ ಮಂಡಲಿಯ ಮಿತ್ರರು ಅದನ್ನೇ ನಿರೀಕ್ಷಿಸಿದ್ದರು. ಆದರೆ ಕಳೆದ ಕಾರ್ತಿಕ ಮಾಸದಲ್ಲಿ ಕೊಪ್ಪದ ಬಸ್ ನಿಲ್ದಾಣದಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕಂಡಂದಿನಿಂದ ಮನಸ್ಸು ಬೇರೊಂದು ವಿಷಯದಲ್ಲಿ ತೊಡಗಿಕೊಂಡಿದೆ. ಮಕ್ಕಳ ಮೂತ್ರಪಿಂಡದ ರೋಗ, ಅದರ ಸಂಶೋಧನೆ, ಮೂತ್ರಪಿಂಡದ ಕಸಿ ಇವೆಲ್ಲ ವೈದ್ಯರ ಕ್ಷೇತ್ರ. ಕನ್ನಡ ಪಂಡಿತನಿಗೆ ಇಲ್ಲೇನು ಅಧಿಕಾರವೆಂದು ಕೇಳುವವರು ಕೇಳಬಹುದು. ವೈದ್ಯರ ಕೆಲಸ ಮುಗಿದ ಮೇಲೆ ಉಳಿಯುವ ಕೆಲಸವೊಂದಿದೆ, ಅದು ಮನೆಯವರದು, ಶಾಲೆಯವರದು, ಊರಿನವರದು. ಆ ಕೆಲಸವನ್ನು ನಾವು ಮಾಡಲಿಲ್ಲ. ಇಷ್ಟೇ ನನ್ನ ಅಧಿಕಾರ.

ಆ ಹುಡುಗ ನರಸಿಂಹರಾಜಪುರದ ಕಡೆಯವನು. ತಂದೆ ಅಡಿಕೆಯ ತೋಟಗಳಲ್ಲಿ ಕೊನೆಗೌಡ. ತಾಯಿ ಅಡಿಕೆ ಸುಲಿಯುವ ಕೂಲಿಗೆ ಹೋಗುತ್ತಿದ್ದಾಕೆ. ನಮ್ಮ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ಎಂಟನೆಯ ತರಗತಿಯಲ್ಲಿ ಓದುತ್ತಿದ್ದ. ವಯಸ್ಸಿಗೆ ತಕ್ಕ ಎತ್ತರವಿಲ್ಲ, ಮುಖದಲ್ಲಿ ರಕ್ತವಿಲ್ಲ. ಒಂದು ಗಂಟೆಯ ಪಾಠದಲ್ಲಿ ಎರಡು ಸಲ ಎದ್ದು ನಿಂತು ಹೊರಗೆ ಹೋಗಲು ಅಪ್ಪಣೆ ಕೇಳುತ್ತಿದ್ದ. ಷಟ್ಪದಿಯ ಲಕ್ಷಣವನ್ನು ಹೇಳಿಕೊಡುವಾಗ ಹೀಗೆ ಎದ್ದು ನಿಲ್ಲುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಒಂದು ದಿನ ಅಪ್ಪಣೆ ಕೊಡದೆ ನಿಲ್ಲಿಸಿದೆ. ಅವನು ನಿಂತಲ್ಲಿಯೇ ಬಟ್ಟೆಯನ್ನು ಒದ್ದೆ ಮಾಡಿಕೊಂಡ. ತರಗತಿ ನಕ್ಕಿತು. ನಾನು ನಗಲಿಲ್ಲವಾದರೂ ನಗುವವರನ್ನು ತಡೆಯಲೂ ಇಲ್ಲ. ರಾತ್ರಿ ಹಾಸಿಗೆಯಲ್ಲಿಯೂ ಅವನಿಗೆ ಹೀಗಾಗುತ್ತದೆಂದು, ಅದಕ್ಕಾಗಿ ಸಹಪಾಠಿಗಳು ಅವನಿಗೊಂದು ಅಡ್ಡಹೆಸರನ್ನೇ ಇಟ್ಟಿದ್ದಾರೆಂದು ಆಮೇಲೆ ತಿಳಿಯಿತು.

ಅವನ ರೋಗವನ್ನು ಗುರುತಿಸಿದವರು ನಾವು ಹತ್ತು ಮಂದಿ ಉಪಾಧ್ಯಾಯರಲ್ಲಿ ಯಾರೂ ಅಲ್ಲ. ವಿದ್ಯಾರ್ಥಿನಿಲಯದಲ್ಲಿ ಅಡುಗೆ ಮಾಡುವ ತಾಯಿ. "ಪಂಡಿತರೇ, ಆ ಹುಡುಗ ಊಟಾನೇ ಮಾಡೋದಿಲ್ಲ, ಬೆಳಗ್ಗೆ ಎದ್ದ ಕೂಡ್ಲೆ ಓಕರಿಸ್ತಾನೆ. ರಾತ್ರಿಯೆಲ್ಲ ಚೊಂಬುಗಟ್ಟಲೆ ನೀರು ಕುಡೀತಾನೆ. ಸೋಮಾರಿ ಅಲ್ಲ ಅವನು, ಎಂಥದೋ ಆಗಿದೆ ಅವನಿಗೆ" ಎಂದು ಆಕೆ ಹೇಳಿದಾಗ ನಾನು ಅರ್ಧ ಮನಸ್ಸಿನಿಂದಲೇ ಅವನ ತಂದೆಗೆ ಹೇಳಿಕಳುಹಿಸಿದೆ. ಶಿವಮೊಗ್ಗದಲ್ಲಿ ರಕ್ತಪರೀಕ್ಷೆಯಾಯಿತು. ಎರಡು ಮೂತ್ರಪಿಂಡಗಳೂ ಬಹುಮಟ್ಟಿಗೆ ಹಾಳಾಗಿವೆ, ಇದು ನಿನ್ನೆ ಮೊನ್ನೆ ಬಂದುದಲ್ಲ, ಹುಟ್ಟಿನಿಂದಲೇ ಮೂತ್ರಮಾರ್ಗದಲ್ಲಿದ್ದ ಅಡ್ಡಿಯೊಂದರ ಫಲ ಎಂದು ವೈದ್ಯರು ಹೇಳಿದರು.

ಮುಂದಿನ ಮಾತಿಗೆ ಅನುಕೂಲವಾಗಲೆಂದು ಈ ಅವಯವದ ವಿಚಾರವನ್ನು ಸ್ವಲ್ಪ ಹೇಳಬೇಕು. ನಮ್ಮ ಪ್ರಾಚೀನರು ಇದನ್ನು ವೃಕ್ಕವೆಂದು ಕರೆದರು. ಚರಕಸಂಹಿತೆಯು ಕೋಷ್ಠದ ಅಂಗಗಳಲ್ಲಿ ವೃಕ್ಕಗಳನ್ನು ಎಣಿಸುತ್ತದೆ. ಆದರೆ ಅವುಗಳ ಸಂಬಂಧವನ್ನು ಮೇದಸ್ಸಿನೊಡನೆ ಹೇಳುತ್ತದೆಯೇ ಹೊರತು ಮೂತ್ರದೊಡನೆ ಅಲ್ಲ. ಮೂತ್ರಜನಕಾಂಗ, ಮೂತ್ರಪಿಂಡ ಎಂಬ ನಮ್ಮ ಪಠ್ಯಪುಸ್ತಕದ ಮಾತುಗಳು ಹೊಸ ವಿಜ್ಞಾನದ ತಿಳಿವಳಿಕೆಯಿಂದ ಹುಟ್ಟಿದವು. ಜನರ ಬಾಯಲ್ಲಿ ಇವೆರಡೂ ನಿಲ್ಲದೆ ಕಿಡ್ನಿಯೇ ನಿಂತಿದೆ. ಅದಕ್ಕಾಗಿ ಜಗಳವಾಡುವ ವಯಸ್ಸು ನನ್ನದಲ್ಲ. ಪ್ರಾಪ್ತವಯಸ್ಕನ ದೇಹದಲ್ಲಿ ಈ ಎರಡು ಅವಯವಗಳು ದಿನಕ್ಕೆ ಸುಮಾರು ೧೮೦ ಲೀಟರು ದ್ರವವನ್ನು ರಕ್ತದಿಂದ ಸೋಸಿ, ಅದರಲ್ಲಿ ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಕ್ಕೆ ಬಿಟ್ಟು, ಉಳಿದುದನ್ನೆಲ್ಲ ದೇಹಕ್ಕೆ ಹಿಂದಿರುಗಿಸುತ್ತವೆ. ಒಂದೊಂದರಲ್ಲಿಯೂ ಸರಾಸರಿ ಹತ್ತು ಲಕ್ಷದಷ್ಟು ಸೂಕ್ಷ್ಮವಾದ ಸೋಸುಘಟಕಗಳಿವೆ. ನೆಫ್ರಾನ್ ಎಂದು ಅವುಗಳ ಹೆಸರು. ಮಗು ತಾಯಿಯ ಗರ್ಭದಲ್ಲಿ ಸುಮಾರು ೩೬ ವಾರಗಳನ್ನು ಕಳೆಯುವುದರೊಳಗೆ ಇವುಗಳ ನಿರ್ಮಾಣ ಮುಗಿದುಹೋಗುತ್ತದೆ. ಪೂರ್ಣಾವಧಿಗೆ ಹುಟ್ಟಿದ ಮಗುವಿನಲ್ಲಿ ಆಮೇಲೆ ಹೊಸದೊಂದು ಹುಟ್ಟುವುದಿಲ್ಲ.

ಆದುದರಿಂದಲೇ ಮಕ್ಕಳ ಮೂತ್ರಪಿಂಡದ ರೋಗದ ಮೂಲವನ್ನು ಹಲವು ಸಲ ಗರ್ಭದಲ್ಲಿಯೇ ಹುಡುಕಬೇಕಾಗುತ್ತದೆ. ದೊಡ್ಡವರಲ್ಲಿ ಮಧುಮೇಹ, ರಕ್ತದೊತ್ತಡಗಳು ಮೂತ್ರಪಿಂಡವನ್ನು ಕೆಡಿಸಿದರೆ, ಮಕ್ಕಳಲ್ಲಿ ಮೂತ್ರಪಿಂಡವು ಬಹುಕಾಲದಿಂದ ಕೆಟ್ಟಿರುವ ಪ್ರಕರಣಗಳಲ್ಲಿ ಅರ್ಧದಷ್ಟಕ್ಕೆ ಹುಟ್ಟಿನ ರಚನಾದೋಷಗಳೇ ಕಾರಣ. ಗಂಡುಶಿಶುವಿನ ಮೂತ್ರನಾಳದಲ್ಲಿ ಪೊರೆಯಂಥ ಕವಾಟವೊಂದು ಉಳಿದುಕೊಂಡು ದಾರಿಗೆ ಅಡ್ಡವಾಗುತ್ತದೆ. ಒತ್ತಡ ಹಿಂದಕ್ಕೆ ಸರಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ಮೂತ್ರವು ಧಾರೆಯಾಗಿ ಹೊರಡದೆ ತೊಟ್ಟಿಕ್ಕುತ್ತಿದ್ದರೆ ಆಗಲೇ ವೈದ್ಯರಿಗೆ ತೋರಿಸಬೇಕು. ಕೆಟ್ಟ ಮೂತ್ರಪಿಂಡವು ಮೂತ್ರವನ್ನು ಗಾಢಗೊಳಿಸಲಾರದು. ಹಾಗಾಗಿ ಮಗು ಪದೇ ಪದೇ ಹೊರಗೆ ಹೋಗುತ್ತದೆ, ಹೋದಷ್ಟೂ ಬಾಯಾರುತ್ತದೆ, ರಾತ್ರಿ ಹಾಸಿಗೆಯಲ್ಲಿ ಒದ್ದೆಯಾಗುತ್ತದೆ. ನಾನು ಶಿಕ್ಷೆ ಕೊಟ್ಟದ್ದು ಈ ಲಕ್ಷಣಕ್ಕೆ.

ಬೋಸ್ಟನ್ನಿನ ಬ್ಯಾರಿ ಬ್ರೆನ್ನರ್ ಎಂಬ ವೈದ್ಯ ೧೯೮೮ರಲ್ಲಿ ಇನ್ನೊಂದು ವಿಚಾರವನ್ನು ಮುಂದಿಟ್ಟ: ಹುಟ್ಟುವಾಗ ಸೋಸುಘಟಕಗಳು ಕಡಿಮೆಯಿದ್ದವರಿಗೆ ಮುಂದೆ ರಕ್ತದೊತ್ತಡ ಹಾಗೂ ಮೂತ್ರಪಿಂಡದ ರೋಗಗಳ ಸಂಭವ ಹೆಚ್ಚು ಎಂದು. ತೂಕ ಕಡಿಮೆಯಾಗಿ ಹುಟ್ಟುವ ಶಿಶುಗಳು ಇಂದಿಗೂ ಬಹಳವಾಗಿರುವ ನಮ್ಮ ದೇಶಕ್ಕೆ ಇದು ದೂರದ ಮಾತಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಲ್ಲಿ ಡಾ. ಕಿಶೋರ್ ಫಡ್ಕೆಯವರು ಮಕ್ಕಳ ಮೂತ್ರಪಿಂಡ ಚಿಕಿತ್ಸೆಯ ಪ್ರತ್ಯೇಕ ವಿಭಾಗವನ್ನು ಬೆಳೆಸಿದರು. ಅದೇ ಸಂಸ್ಥೆಯ ಡಾ. ಅರ್ಪಣಾ ಅಯ್ಯಂಗಾರ್ ಮತ್ತು ಸಂಗಡಿಗರು ತೂಕ ಕಡಿಮೆಯಾಗಿ ಹುಟ್ಟಿದ ಶಿಶುಗಳ ಮೂತ್ರಪಿಂಡಗಳು ಹೇಗೆ ಬೆಳೆಯುತ್ತವೆಂಬುದನ್ನು ಶೈಶವದುದ್ದಕ್ಕೂ ಅಳೆದು ನೋಡಿ ೨೦೧೬ರಲ್ಲಿ ಪ್ರಕಟಿಸಿದರು. ಬಸುರಿ ಹೆಂಗಸಿನ ತಟ್ಟೆಯಲ್ಲಿ ಏನಿದೆ ಎಂಬ ಪ್ರಶ್ನೆಗೂ ಮಗುವಿನ ಮೂತ್ರಪಿಂಡಕ್ಕೂ ನಂಟಿದೆ ಎಂಬುದು ಕೂಲಿಯ ಮನೆಗಳ ನಡುವೆ ಬದುಕುವ ನಮಗೆ ತಿಳಿದಿರಬೇಕಾದ ಸಂಗತಿ.

ಎಲ್ಲ ಮೂತ್ರಪಿಂಡದ ರೋಗವೂ ಹೀಗೆ ಘೋರವಾದುದಲ್ಲ ಎಂಬುದನ್ನೂ ಹೇಳದಿದ್ದರೆ ತಂದೆತಾಯಿಗಳನ್ನು ಹೆದರಿಸಿದಂತಾಗುತ್ತದೆ. ಎರಡರಿಂದ ಆರು ವರ್ಷದ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ನೆಫ್ರಾಟಿಕ್ ರೋಗದಲ್ಲಿ ಬೆಳಗ್ಗೆ ಎದ್ದಾಗ ಕಣ್ಣಿನ ರೆಪ್ಪೆಗಳು ಊದಿರುತ್ತವೆ, ಮೂತ್ರದಲ್ಲಿ ನೊರೆ ಬರುತ್ತದೆ. ಇಂಥ ಮಕ್ಕಳಲ್ಲಿ ನೂರಕ್ಕೆ ೮೫ಕ್ಕಿಂತ ಕಡಿಮೆಯಿಲ್ಲದಷ್ಟು ಮಂದಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮದ್ದಿಗೆ ಗುಣವಾಗುತ್ತಾರೆ. ಹಲವರಿಗೆ ಮತ್ತೆ ಮತ್ತೆ ಮರುಕಳಿಸಿದರೂ ದೊಡ್ಡವರಾಗುವ ಹೊತ್ತಿಗೆ ಬಹುತೇಕ ಬಿಟ್ಟುಹೋಗುತ್ತದೆ. ಈ ಮದ್ದನ್ನು ಹೆಚ್ಚು ದಿನ ಕೊಟ್ಟಷ್ಟೂ ಒಳ್ಳೆಯದೆಂಬ ನಂಬಿಕೆ ವೈದ್ಯರಲ್ಲಿಯೂ ಇತ್ತು. ದೆಹಲಿಯ ಏಮ್ಸ್ ಸಂಸ್ಥೆಯ ವೈದ್ಯರ ನೇತೃತ್ವದಲ್ಲಿ ನಮ್ಮ ದೇಶದ ಹಲವು ಆಸ್ಪತ್ರೆಗಳು ಸುಮಾರು ೧೮೦ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೂರು ತಿಂಗಳು, ಇನ್ನೊಂದಕ್ಕೆ ಆರು ತಿಂಗಳು ಚಿಕಿತ್ಸೆ ನಡೆಸಿ ನೋಡಿದವು. ರೋಗದ ಗತಿಯಲ್ಲಿ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ೨೦೧೫ರಲ್ಲಿ ಪ್ರಕಟವಾದ ಈ ಫಲಿತಾಂಶದಿಂದ ಎಳೆಯ ದೇಹಗಳಿಗೆ ಮೂರು ತಿಂಗಳ ಕಹಿ ಮದ್ದು ತಪ್ಪುವ ದಾರಿಯಾಯಿತು. ಸಂಶೋಧನೆಯೆಂದರೆ ಹೊಸ ಮದ್ದನ್ನು ಕಂಡುಹಿಡಿಯುವುದೇ ಎಂದುಕೊಂಡಿದ್ದ ನನಗೆ, ಇರುವ ಮದ್ದನ್ನು ಎಲ್ಲಿ ನಿಲ್ಲಿಸಬೇಕೆಂದು ಕಾಣುವುದೂ ಸಂಶೋಧನೆಯೆಂದು ಅರಿವಾದದ್ದು ಇದರಿಂದ.

ಮಳೆಗಾಲದಲ್ಲಿ ನಮ್ಮ ವಿದ್ಯಾರ್ಥಿನಿಲಯಗಳಿಗೆ ಕಜ್ಜಿ ಬರುವುದು ಹೊಸದಲ್ಲ. ಒದ್ದೆ ಬಟ್ಟೆ, ಒಣಗದ ಚಾಪೆ, ಕೆರೆದು ಕೀವಾದ ಗಾಯ. ಇದನ್ನು ಸಣ್ಣ ಸಂಗತಿಯೆಂದು ಬಿಡುತ್ತೇವೆ. ಆ ಕೀವಿನಲ್ಲಿರುವ ರೋಗಾಣು ಮೈಯಲ್ಲಿ ಎಬ್ಬಿಸುವ ಪ್ರತಿಕ್ರಿಯೆಯಿಂದ ಕೆಲವು ವಾರಗಳ ಮೇಲೆ ಮೂತ್ರಪಿಂಡ ಊದಿಕೊಂಡು, ಮೂತ್ರವು ಕಾಫಿಯ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿ, ಮುಖ ಊದಿ, ರಕ್ತದೊತ್ತಡ ಏರುವುದುಂಟು. ಬಹುಪಾಲು ಮಕ್ಕಳು ಚೇತರಿಸಿಕೊಳ್ಳುತ್ತಾರೆ; ಸಕಾಲದಲ್ಲಿ ಆಸ್ಪತ್ರೆಗೆ ಹೋಗಬೇಕು, ಅಷ್ಟೇ. ೧೯೫೭ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಹೆಸರು ಕೇಳಿದರೆ ಮಲೆನಾಡಿನ ಚಿಕ್ಕ ಮಗುವೂ ಎಚ್ಚರಗೊಳ್ಳುತ್ತದೆ. ಕಜ್ಜಿಗೂ ಕೆಂಪು ಮೂತ್ರಕ್ಕೂ ಇರುವ ನಂಟು ಮಾತ್ರ ವಿದ್ಯಾರ್ಥಿನಿಲಯದ ಮೇಲ್ವಿಚಾರಕರಿಗೂ ಗೊತ್ತಿಲ್ಲ.

ಮತ್ತೆ ಆ ಹುಡುಗನ ಕಥೆಗೆ ಬರುತ್ತೇನೆ. ಅವನನ್ನು ಬೆಂಗಳೂರಿಗೆ ಕರೆದೊಯ್ದರು. ನಮ್ಮ ಮೂರು ತಾಲ್ಲೂಕುಗಳಲ್ಲಿ ಬದುಕುವವರಿಗೆ ಇದರ ಅರ್ಥ ಗೊತ್ತಿದೆ. ಶೃಂಗೇರಿಯವರು ಆಗುಂಬೆಯ ಘಾಟಿಯನ್ನಿಳಿದು ಮಣಿಪಾಲಕ್ಕೆ ಹೋಗಬೇಕು. ಆಷಾಢದಲ್ಲಿ ಗುಡ್ಡ ಕುಸಿದರೆ ಅದೂ ಇಲ್ಲ. ನರಸಿಂಹರಾಜಪುರದವರು ಶಿವಮೊಗ್ಗಕ್ಕೆ ಓಡಬೇಕು. ಮಕ್ಕಳ ಮೂತ್ರಪಿಂಡದ ತಜ್ಞರೇ ಬೇಕೆಂದರೆ ಮುನ್ನೂರು ಕಿಲೋಮೀಟರಿಗೂ ದೂರದ ರಾಜಧಾನಿ. ಅವನಿಗೆ ತಾಯಿ ತನ್ನ ಒಂದು ಮೂತ್ರಪಿಂಡವನ್ನು ಕೊಟ್ಟಳು.

ತಾಯಿ ಮಗನಿಗೆ ಮೂತ್ರಪಿಂಡ ಕೊಡುವುದು ಇಂದು ಸಾಧಾರಣವೆಂಬಂತೆ ಆಗಿದೆ. ಆದರೆ ಮೊದಲ ಸಲ ಅದು ನಡೆದಾಗ ಏನಾಯಿತೆಂಬುದನ್ನು ಓದಿದರೆ ಕರುಳು ಹಿಂಡುತ್ತದೆ. ೧೯೫೨ರ ಡಿಸೆಂಬರಿನಲ್ಲಿ ಪ್ಯಾರಿಸ್ ನಗರದ ನೆಕ್ಕರ್ ಆಸ್ಪತ್ರೆಗೆ ಮಾರಿಯುಸ್ ರೆನಾರ್ ಎಂಬ ೧೬ ವರ್ಷದ ಬಡಗಿ ಹುಡುಗನನ್ನು ತಂದರು. ಕೆಲಸದಲ್ಲಿ ಎತ್ತರದಿಂದ ಬಿದ್ದು ಒಂದು ಮೂತ್ರಪಿಂಡ ಸೀಳಿತ್ತು. ಅದನ್ನು ತೆಗೆದ ಮೇಲೆ, ಹುಟ್ಟಿನಿಂದ ಅವನಿಗಿದ್ದುದು ಅದೊಂದೇ ಎಂದು ಗೊತ್ತಾಯಿತು. ತಾಯಿ ತನ್ನದನ್ನು ತೆಗೆದುಕೊಳ್ಳಿರೆಂದು ಅಂಗಲಾಚಿದಳು. ಜಾನ್ ಹಾಂಬುರ್ಜೆ ಎಂಬ ವೈದ್ಯನ ತಂಡ ಕ್ರಿಸ್ಮಸ್ಸಿನ ಹೊತ್ತಿಗೆ ಆ ಕಸಿಯನ್ನು ಮಾಡಿತು. ಮೂತ್ರಪಿಂಡ ಕೆಲಸ ಮಾಡತೊಡಗಿತು, ಹುಡುಗ ಚೇತರಿಸಿಕೊಂಡ. ಮೂರು ವಾರಗಳಾದ ಮೇಲೆ ಇದ್ದಕ್ಕಿದ್ದಂತೆ ಅದು ನಿಂತುಹೋಯಿತು. ಹುಡುಗ ಉಳಿಯಲಿಲ್ಲ. ಶಸ್ತ್ರಚಿಕಿತ್ಸಕನ ಕೈ ಸೋತಿರಲಿಲ್ಲ. ಹೆತ್ತ ತಾಯಿಯ ಅಂಗವನ್ನೂ ಮಗನ ದೇಹ ಪರಕೀಯವೆಂದು ತಿರಸ್ಕರಿಸಿತ್ತು.

ಎರಡು ವರ್ಷಗಳ ಮೇಲೆ, ೧೯೫೪ರ ಡಿಸೆಂಬರ್ ೨೩ರಂದು, ಬೋಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮಾಡಿದ ಕಸಿ ನಿಂತಿತು. ಕೊಟ್ಟವನೂ ಪಡೆದವನೂ ಏಕರೂಪದ ಅವಳಿಗಳಾಗಿದ್ದುದೇ ಇದಕ್ಕೆ ಕಾರಣ. ಈ ಕಾರ್ಯಕ್ಕಾಗಿ ಮರ್ರೆಗೆ ೧೯೯೦ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ನಮ್ಮ ದೇಶದಲ್ಲಿ ಮೊದಲ ಯಶಸ್ವೀ ಕಸಿ ೧೯೭೧ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ನಡೆಯಿತು. ಅವಳಿಗಳಲ್ಲದವರಿಗೆ ನಿಜವಾದ ದಾರಿ ತೆರೆದದ್ದು ದೇಹದ ತಿರಸ್ಕಾರವನ್ನು ಅಡಗಿಸುವ ಮದ್ದುಗಳಿಂದ. ಅವುಗಳ ಹುಟ್ಟು ಕೃಷಿಕರಿಗೆ ಮೆಚ್ಚುಗೆಯಾಗುವಂಥದು. ನಾರ್ವೆಯ ಬೆಟ್ಟದ ಮಣ್ಣಿನಲ್ಲಿದ್ದ ಒಂದು ಬೂಷ್ಟಿನಿಂದ ಸೈಕ್ಲೋಸ್ಪೋರಿನ್ ದೊರೆತು ೧೯೮೩ರಲ್ಲಿ ಅಮೆರಿಕದಲ್ಲಿ ಬಳಕೆಗೆ ಅನುಮತಿ ಪಡೆಯಿತು. ಜಪಾನಿನ ತ್ಸುಕುಬಾ ಬೆಟ್ಟದ ಬಳಿಯ ಮಣ್ಣಿನ ಸೂಕ್ಷ್ಮಜೀವಿಯಿಂದ ೧೯೮೪ರಲ್ಲಿ ಟ್ಯಾಕ್ರೊಲಿಮಸ್ ದೊರೆಯಿತು. ಇಂದು ಕಸಿಯಾದ ಮಕ್ಕಳಲ್ಲಿ ಬಹುಮಂದಿ ಈ ಎರಡನೆಯ ಮದ್ದಿನ ಆಶ್ರಯದಲ್ಲಿದ್ದಾರೆ. ದೊಡ್ಡವರ ಮೂತ್ರಪಿಂಡವನ್ನು ಹತ್ತು ಹನ್ನೆರಡು ಕಿಲೋ ತೂಗುವ ಮಗುವಿನ ಹೊಟ್ಟೆಯಲ್ಲಿಯೂ ಕೂಡಿಸುವಷ್ಟು ಶಸ್ತ್ರಕೌಶಲ ಬೆಳೆದಿದೆ. ಕೆಟ್ಟವುಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ. ಅವು ಹಿಂದೆ ಇದ್ದಲ್ಲಿಯೇ ಇರುತ್ತವೆ, ಹೊಸದನ್ನು ಮುಂದೆ ಕೆಳಹೊಟ್ಟೆಯಲ್ಲಿಡುತ್ತಾರೆ.

ಈ ಚಿಕಿತ್ಸೆಗೆ ಕನ್ನಡದಲ್ಲಿ ಕಸಿ ಎಂಬ ಮಾತು ನಿಂತಿರುವುದು ನನಗೆ ಬಹಳ ಇಷ್ಟ. ಯಾವ ಸಮಿತಿಯೂ ಕೂತು ಕಟ್ಟಿದ ಪದವಲ್ಲ. ತೋಟದಿಂದ ಆಸ್ಪತ್ರೆಗೆ ನಡೆದುಹೋದ ಪದ. ಆದರೆ ಈ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆಯೋ ಎಂಬ ಸಂದೇಹವೂ ಈಚೆಗೆ ಹುಟ್ಟಿದೆ. ಅಪ್ಪೆಮಿಡಿಯ ಕುಡಿಯನ್ನು ಕಾಡುಮಾವಿನ ಸಸಿಗೆ ಕಟ್ಟಿ, ಎರಡೂ ಕೂಡಿಕೊಂಡು ಚಿಗುರಿತೆಂದರೆ ನಾವು ಕಟ್ಟನ್ನು ಬಿಚ್ಚಿ ಮನೆಗೆ ಬರುತ್ತೇವೆ. ಆಮೇಲೆ ಕಾಂಡಕ್ಕೂ ಕುಡಿಗೂ ಜಗಳವಿಲ್ಲ. ಮನುಷ್ಯನ ದೇಹ ಹಾಗಲ್ಲ. ತಾಯಿಯ ಮೂತ್ರಪಿಂಡವಾದರೂ ಅದು ಅತಿಥಿಯೆಂಬುದನ್ನು ದೇಹ ಮರೆಯುವುದೇ ಇಲ್ಲ. ಬೆಳಗ್ಗೆ ಒಮ್ಮೆ, ಹನ್ನೆರಡು ಗಂಟೆಗಳ ಮೇಲೆ ಸಂಜೆ ಒಮ್ಮೆ, ಮೂತ್ರಪಿಂಡ ಇರುವವರೆಗೂ ಮದ್ದು ಬೀಳುತ್ತಿರಬೇಕು. ಹೆಚ್ಚಾದರೆ ಮದ್ದೇ ಮೂತ್ರಪಿಂಡಕ್ಕೆ ಕೇಡು. ಕಡಿಮೆಯಾದರೆ ದೇಹ ಅದನ್ನು ತಿರಸ್ಕರಿಸುತ್ತದೆ. ರಕ್ತದಲ್ಲಿ ಮದ್ದಿನ ಪ್ರಮಾಣವನ್ನು ಆಗಾಗ ಅಳೆಸಬೇಕು. ನಮ್ಮ ಹಿತ್ತಲಿನ ಚಕ್ಕೋತದ ಹಣ್ಣು ಈ ಪ್ರಮಾಣವನ್ನು ಏರಿಸಬಲ್ಲದು, ಆದುದರಿಂದ ಕಸಿಯಾದವರಿಗೆ ಅದು ವರ್ಜ್ಯ. ಮೂತ್ರಪಿಂಡ ಸೋತವರಿಗೆ ದಾರೆಹುಳಿ ವಿಷಪ್ರಾಯ. ಬಿಂಬುಳಿಯ ರಸವನ್ನು ಮದ್ದೆಂದು ಲೋಟಗಟ್ಟಲೆ ಕುಡಿದು ಮೂತ್ರಪಿಂಡಗಳನ್ನು ಕೆಡಿಸಿಕೊಂಡವರ ವಿಷಯವನ್ನು ಕೇರಳದ ವೈದ್ಯರು ೨೦೧೩ರಲ್ಲಿ ವರದಿ ಮಾಡಿದರು. ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳ ಮೇಲೆಯೂ ಕಣ್ಣಿರಬೇಕು. ಇವನ್ನೆಲ್ಲ ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಅರ್ಧ ಗಂಟೆಯಲ್ಲಿ ಹೇಳುತ್ತಾರೆ, ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಆ ತಾಯಿ ಅದನ್ನು ನನ್ನಲ್ಲಿಗೆ ತಂದಾಗ ಕನ್ನಡದಲ್ಲಿ ಬರೆದುಕೊಟ್ಟೆ. ನಾನು ಮಾಡಿದ ಒಂದೇ ಒಂದು ಉಪಯೋಗದ ಕೆಲಸ ಅದು.

ಶಸ್ತ್ರಚಿಕಿತ್ಸೆಯ ಕಾಲದಲ್ಲಿ ನಮ್ಮ ಸಂಸ್ಥೆಯವರು ಕೈಕಟ್ಟಿ ಕೂರಲಿಲ್ಲ. ಹಳೆಯ ವಿದ್ಯಾರ್ಥಿಗಳು ಧನಸಂಗ್ರಹ ಮಾಡಿದರು, ದಾನಿಗಳು ಉದಾರವಾಗಿ ಕೊಟ್ಟರು, ಸಭೆ ನಡೆಯಿತು, ತಾಯಿಗೆ ಶಾಲು ಹೊದಿಸಿದರು, ಭಾವಚಿತ್ರ ತೆಗೆಸಿದೆವು. ಆ ಔದಾರ್ಯವನ್ನು ನಾನು ಹಗುರಮಾಡುತ್ತಿಲ್ಲ. ಅದಿಲ್ಲದಿದ್ದರೆ ಹುಡುಗ ಆ ವರ್ಷವೇ ಇಲ್ಲವಾಗುತ್ತಿದ್ದನೋ ಏನೋ. ಅವನು ಎರಡಂಗುಲ ಬೆಳೆದ, ಬಣ್ಣ ಬಂತು, ಹತ್ತನೆಯ ತರಗತಿಯಲ್ಲಿ ಉತ್ತೀರ್ಣನಾದ. ಪದವಿಪೂರ್ವ ತರಗತಿಗೆ ಬೇರೆ ಊರಿಗೆ ಹೋದ. ಅಲ್ಲಿಗೆ ನಮ್ಮ ಲೆಕ್ಕ ಮುಗಿಯಿತು. ಎರಡನೆಯ ವರ್ಷದ ಮದ್ದಿಗೆ ಹಣ ಎಲ್ಲಿಂದ ಬಂತು, ಮೂರನೆಯ ವರ್ಷ ಏನಾಯಿತು ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಏನಾಯಿತೆಂದು ಬಸ್ ನಿಲ್ದಾಣದಲ್ಲಿ ಅವನೇ ಹೇಳಿದ. ಮೊದಮೊದಲು ಸಂಜೆಯ ಮದ್ದನ್ನು ಬಿಟ್ಟನಂತೆ: ಹೊಸ ಗೆಳೆಯರೆದುರು ಮಾತ್ರೆ ನುಂಗಲು ನಾಚಿಕೆ, ಮದ್ದಿನಿಂದ ಮುಖ ದುಂಡಗಾಗಿದೆಯೆಂದು ಅವರ ಹಾಸ್ಯ. ಮದ್ದು ಬಿಟ್ಟರೂ ಏನೂ ಆಗಲಿಲ್ಲ. ಅದೇ ವರ್ಷ ಅಡಿಕೆಯ ತೋಟಗಳಿಗೆ ಎಲೆಚುಕ್ಕಿ ರೋಗ ಬಿದ್ದು, ಹಳದಿ ಎಲೆ ರೋಗದಿಂದ ಮೊದಲೇ ಸೊರಗಿದ್ದ ಕಡೆಗಳಲ್ಲಿ ಫಸಲಿಲ್ಲದೆ ತಂದೆಗೆ ಕೂಲಿ ಕಡಿಮೆಯಾಯಿತು. ಬೆಂಗಳೂರಿನ ತಪಾಸಣೆ ಒಂದು ಸಲ ತಪ್ಪಿತು, ಇನ್ನೊಂದು ಸಲವೂ ತಪ್ಪಿತು. ಆರೇಳು ತಿಂಗಳ ಮೇಲೆ ಜ್ವರ ಬಂದು ರಕ್ತಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ ಏರಿಹೋಗಿತ್ತು. ತಾಯಿ ಕೊಟ್ಟ ಮೂತ್ರಪಿಂಡ ಕೈಬಿಟ್ಟಿತು. ಈಗ ಅವನಿಗೆ ಇಪ್ಪತ್ತು ವರ್ಷ. ವಾರಕ್ಕೆ ಮೂರು ದಿನ ಡಯಾಲಿಸಿಸ್. ೨೦೧೬ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಯೋಜನೆಯಿಂದಾಗಿ ಬಡವರಿಗೆ ಅದು ಉಚಿತವಾಗಿ ದೊರೆಯುವಂತಾದದ್ದು ದೊಡ್ಡ ಉಪಕಾರ. "ಅಮ್ಮನ ಹೊಟ್ಟೆ ಮೇಲಿನ ಗಾಯ ನೋಡಿದರೆ ಮಾತಾಡೋಕೆ ಆಗೋದಿಲ್ಲ ಗುರುಗಳೇ" ಎಂದ.

ತಪ್ಪು ಅವನದೆಂದು ಹೇಳಿಬಿಡುವುದು ಸುಲಭ. ಆದರೆ ಇದು ಅವನೊಬ್ಬನ ಕಥೆಯಲ್ಲ. ಕೆನಡದ ಬೆಥನಿ ಫಾಸ್ಟರ್ ಮತ್ತು ಸಂಗಡಿಗರು ಅಮೆರಿಕದ ದಾಖಲೆಗಳನ್ನು ಪರಿಶೀಲಿಸಿ ೨೦೧೧ರಲ್ಲಿ ತೋರಿಸಿದಂತೆ, ಎಳೆವಯಸ್ಸಿನಲ್ಲಿ ಕಸಿಯಾದವರು ಆ ಮೂತ್ರಪಿಂಡವನ್ನು ಕಳೆದುಕೊಳ್ಳುವ ಸಂಭವ ಅತ್ಯಂತ ಹೆಚ್ಚಾಗಿರುವುದು ೧೭ರಿಂದ ೨೪ ವರ್ಷದ ನಡುವೆ. ಅಷ್ಟು ಸಿರಿವಂತ ದೇಶದಲ್ಲಿಯೇ ಹೀಗೆ. ಮನೆಯ ಕಾವಲು ಸಡಿಲವಾಗಿ, ಮಕ್ಕಳ ವೈದ್ಯರ ಕೈಯಿಂದ ದೊಡ್ಡವರ ವೈದ್ಯರ ಕೈಗೆ ಹೋಗುವ, ಊರು ಬಿಡುವ, ಸರೀಕರ ನಗೆಗೆ ಅಂಜುವ ವಯಸ್ಸು ಅದು. ಪ್ರೌಢಶಾಲೆಯಿಂದ ಬೀಳ್ಕೊಡುವಾಗ ಹಾರ ಹಾಕಿ ಕಳುಹಿಸುವ ನಾವು, ಮಗುವನ್ನು ಅತ್ಯಂತ ಅಪಾಯದ ವರ್ಷಗಳ ಬಾಗಿಲಿನಲ್ಲಿ ಬಿಟ್ಟುಬರುತ್ತೇವೆ.

ದಾನಿಗಳಾದ ಮಹನೀಯರಲ್ಲಿ ನನ್ನ ವಿಜ್ಞಾಪನೆ ಈ ಹಿನ್ನೆಲೆಯದು. ಶಸ್ತ್ರಚಿಕಿತ್ಸೆಗೆ ಒಮ್ಮೆ ದೊಡ್ಡ ಮೊತ್ತ ಕೂಡಿಸುವುದಕ್ಕಿಂತ, ಅದಕ್ಕೆ ಸರಕಾರದ ಆರೋಗ್ಯ ಯೋಜನೆಗಳ ನೆರವು ದೊರೆಯುವುದುಂಟಾದ್ದರಿಂದ, ಕಸಿಯಾದ ಮೇಲಿನ ವರ್ಷಗಳಿಗೆ ಒಂದು ದತ್ತಿನಿಧಿಯನ್ನು ಸ್ಥಾಪಿಸೋಣ. ಬಡ್ಡಿಯ ಹಣದಿಂದ ಮದ್ದು, ರಕ್ತಪರೀಕ್ಷೆ, ಬೆಂಗಳೂರಿಗೋ ಮಣಿಪಾಲಕ್ಕೋ ಹೋಗಿಬರುವ ಬಸ್ಸಿನ ಖರ್ಚು. ಮಗು ಶಾಲೆ ಬಿಟ್ಟ ಮೇಲೆಯೂ ಇಪ್ಪತ್ತೈದು ವರ್ಷ ತುಂಬುವವರೆಗೆ. ಸಭಾಭವನದ ಗೋಡೆಯ ಮೇಲೆ ಹೆಸರು ಕೆತ್ತಿಸುವುದಕ್ಕೆ ನಾನು ವಿರೋಧಿಯಲ್ಲ. ಆದರೆ ನಮ್ಮ ಸಭಾಭವನಕ್ಕೆ ಇನ್ನು ಕಲ್ಲು ಹಾಕಿಸಲು ಜಾಗವಿಲ್ಲ, ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಅಗುಳಿಯಿಲ್ಲ. ಬೆಳಗ್ಗೆ ಮನೆ ಬಿಟ್ಟವಳು ಸಂಜೆಯವರೆಗೆ ತಡೆದುಕೊಂಡಿರಬೇಕು, ಅದಕ್ಕಾಗಿ ನೀರನ್ನೇ ಕುಡಿಯುವುದಿಲ್ಲ. ಹೀಗೆ ತಡೆದುಕೊಳ್ಳುವುದು ಮೂತ್ರದ ಸೋಂಕಿಗೆ ದಾರಿ. ಮೂತ್ರ ಹಿಮ್ಮುಖವಾಗಿ ಹರಿಯುವ ದೋಷವಿರುವ ಮಕ್ಕಳಲ್ಲಿ ಸೋಂಕು ಮರುಕಳಿಸಿದರೆ ಮೂತ್ರಪಿಂಡಕ್ಕೆ ಕಲೆ ಬೀಳುತ್ತದೆ. ಅಗುಳಿಗೆ ಹೆಸರು ಕೆತ್ತಲು ಬರುವುದಿಲ್ಲವೆಂಬುದು ಒಂದು ಕೊರತೆಯೇ ಸರಿ.

ಜಪಾನಿನಲ್ಲಿ ೧೯೭೪ರಿಂದ ಎಲ್ಲ ಶಾಲಾಮಕ್ಕಳ ಮೂತ್ರವನ್ನೂ ಪ್ರತಿವರ್ಷ ಪರೀಕ್ಷಿಸುವ ಪದ್ಧತಿಯಿದೆ. ಅಮೆರಿಕದ ಮಕ್ಕಳ ವೈದ್ಯರ ಸಂಘವಾದರೋ ೨೦೦೭ರಲ್ಲಿ, ಲಕ್ಷಣವಿಲ್ಲದ ಮಕ್ಕಳಿಗೆ ಇಂಥ ಪರೀಕ್ಷೆ ಬೇಡವೆಂದಿತು. ವೈದ್ಯರಲ್ಲಿಯೇ ಒಮ್ಮತವಿಲ್ಲದ ವಿಷಯದಲ್ಲಿ ನಾನು ತೀರ್ಪು ಕೊಡಲಾರೆ. ನಮ್ಮ ಶಾಲೆಗೆ ಅಷ್ಟು ದೂರ ಹೋಗುವ ಅಗತ್ಯವೂ ಕಾಣುವುದಿಲ್ಲ. ಬೆಳಗ್ಗೆ ರೆಪ್ಪೆ ಊದಿದವನು, ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡಗಿದ್ದು ಬಿಳಿಚಿಕೊಂಡವನು, ಮತ್ತೆ ಮತ್ತೆ ಹೊರಗೆ ಹೋಗುವವನು, ಹಾಸಿಗೆ ಒದ್ದೆ ಮಾಡುವವನು, ಕೆಂಪಗೆ ಮೂತ್ರ ಹೋಯಿತೆಂದು ಹೇಳುವವನು: ಇವರನ್ನು ಆರೋಗ್ಯಕೇಂದ್ರಕ್ಕೆ ಕಳುಹಿಸಿ, ಮೂತ್ರವನ್ನೂ ರಕ್ತದೊತ್ತಡವನ್ನೂ ನೋಡಿಸುವುದು ಉಪಾಧ್ಯಾಯರ ಕೈಯಲ್ಲಿದೆ. ಹೊರಗೆ ಹೋಗಲು ಅಪ್ಪಣೆ ಕೇಳಿದ ಮಗುವಿಗೆ ಇಲ್ಲವೆನ್ನಬಾರದೆಂಬ ನಿಯಮವನ್ನು ನಾನಂತೂ ಅಂದಿನಿಂದ ಪಾಲಿಸಿದ್ದೇನೆ. ದುರುಪಯೋಗ ಮಾಡಿಕೊಂಡವರು ಇಬ್ಬರೋ ಮೂವರೋ ಇದ್ದಾರು, ಇರಲಿ. ಆಸ್ಪತ್ರೆಯಲ್ಲಿ ಕಳೆದ ದಿನಗಳಿಗೆ ಹಾಜರಾತಿಯ ವಿನಾಯಿತಿ ಕೊಡಿಸುವುದು ಮುಖ್ಯೋಪಾಧ್ಯಾಯರ ಪ್ರಯತ್ನದಿಂದ ಸಾಧ್ಯ.

ಅವನಿಗೆ ಇನ್ನೊಂದು ಮೂತ್ರಪಿಂಡ ಬೇಕು. ತಂದೆಯದು ಹೊಂದುವುದಿಲ್ಲ, ತಂಗಿ ಅಪ್ರಾಪ್ತವಯಸ್ಕಳು. ಅಂಥವರಿಂದ ಅಂಗ ಪಡೆಯಲು ಕಾನೂನು ಬಿಡುವುದಿಲ್ಲ, ಬಿಡಲೂಬಾರದು. ೧೯೯೪ರ ಅಂಗಕಸಿ ಕಾಯಿದೆ ಬರುವುದಕ್ಕೆ ಮುಂಚೆ ಬೆಂಗಳೂರಿನಲ್ಲಿಯೂ ಬಡವರ ಮೂತ್ರಪಿಂಡಗಳು ಮಾರಾಟವಾದದ್ದನ್ನು ನನ್ನ ಪ್ರಾಯದವರು ಪತ್ರಿಕೆಗಳಲ್ಲಿ ಓದಿದ್ದೇವೆ. ೨೦೧೧ರ ತಿದ್ದುಪಡಿಯಿಂದ ಅಜ್ಜ ಅಜ್ಜಿಯರೂ ಹತ್ತಿರದ ಬಂಧುಗಳ ಸಾಲಿಗೆ ಸೇರಿದರು. ಇನ್ನುಳಿದದ್ದು ಮೆದುಳು ನಿಷ್ಕ್ರಿಯಗೊಂಡವರ ಅಂಗದಾನ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವ ಜೀವಸಾರ್ಥಕತೆ ಸಂಸ್ಥೆಯ ಪಟ್ಟಿಯಲ್ಲಿ ಅವನ ಹೆಸರಿದೆ. ಕಡೂರು ತಾಲ್ಲೂಕಿನ ಪಂಚನಹಳ್ಳಿಯವರಾದ ನಟ ಸಂಚಾರಿ ವಿಜಯ್ ೨೦೨೧ರ ಜೂನ್ ತಿಂಗಳಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಮನೆಯವರು ಅಂಗಗಳನ್ನು ಕೊಟ್ಟರು. ಮರುವರ್ಷ ನಮ್ಮ ಜಿಲ್ಲಾಕೇಂದ್ರದಲ್ಲಿಯೇ ವಿದ್ಯಾರ್ಥಿನಿಯೊಬ್ಬಳ ತಂದೆತಾಯಿ ಹಾಗೆಯೇ ಮಾಡಿದರು. ಹೃದಯವನ್ನು ಹೆಲಿಕಾಪ್ಟರಿನಲ್ಲಿ ಕೊಂಡೊಯ್ದದ್ದನ್ನು ಇಡೀ ಜಿಲ್ಲೆ ಕಣ್ಣೊರಸಿಕೊಂಡು ನೋಡಿತು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಹೆಸರು ನೋಂದಾಯಿಸಿದ್ದಾರೆಂದು ವಾರ್ಷಿಕೋತ್ಸವದ ದಿನ ಕೇಳಬೇಕೆಂದಿದ್ದೇನೆ. ನಾನು ನೋಂದಾಯಿಸಿದ್ದೇನೆ, ನನ್ನಾಕೆಗೆ ಮೊದಲೇ ಹೇಳಿದ್ದೇನೆ, ಏಕೆಂದರೆ ಆ ಗಳಿಗೆಯಲ್ಲಿ ಒಪ್ಪಿಗೆ ಕೊಡಬೇಕಾದವಳು ಅವಳು.

ಈ ಸಂದರ್ಭದಲ್ಲಿ ಒಂದು ಅಂಕಿ ನನ್ನನ್ನು ಕಾಡುತ್ತಿದೆ. ೧೯೯೫ರಿಂದ ೨೦೨೧ರವರೆಗೆ ದೇಶದಲ್ಲಿ ನಡೆದ ೩೬,೬೪೦ ಅಂಗಕಸಿಗಳಲ್ಲಿ ೨೯,೦೦೦ಕ್ಕೂ ಹೆಚ್ಚು ಪುರುಷರಿಗೆ, ಸುಮಾರು ೭,೦೦೦ ಮಾತ್ರ ಸ್ತ್ರೀಯರಿಗೆ. ಆ ಹುಡುಗನ ಜಾಗದಲ್ಲಿ ಅವನ ತಂಗಿ ಇದ್ದಿದ್ದರೆ ಊರು ಹಣ ಕೂಡಿಸುತ್ತಿತ್ತೇ? ದತ್ತಿನಿಧಿಯ ನಿಯಮಾವಳಿಯನ್ನು ಬರೆಯುವವರು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಬರೆಯಬೇಕು.

ಅವನು ಈಗ ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಕೊಪ್ಪದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಅಕ್ಷರ ಇಂದಿಗೂ ದುಂಡಗಿದೆ. ಅಡುಗೆಯ ತಾಯಿ ಹೋದ ವರ್ಷ ನಿವೃತ್ತರಾದರು. ಅವರನ್ನು ಬೀಳ್ಕೊಡುವ ಸಭೆ ನಡೆಯಲೇ ಇಲ್ಲ. ದತ್ತಿನಿಧಿಯ ವಿಷಯವನ್ನು ಮುಂದಿನ ಆಡಳಿತ ಮಂಡಲಿಯ ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಕಾರ್ಯದರ್ಶಿಗಳಿಗೆ ಬರೆದುಕೊಟ್ಟಿದ್ದೇನೆ. ಆ ಪತ್ರದ ಜೊತೆಯಲ್ಲಿ ನನ್ನ ಒಂದು ತಿಂಗಳ ವೇತನವನ್ನೂ, ಶೌಚಾಲಯದ ಬಾಗಿಲುಗಳಿಗೆ ಎಂಟು ಅಗುಳಿಗಳ ಬೆಲೆಯನ್ನೂ ಇಟ್ಟಿದ್ದೇನೆ.